ಉಡುಪಿಯಿಂದ ಮಂಗಳೂರಿಗೆ ಯಕ್ಷಗಾನ ಆಟದ ಫೈಲ್ ತರುವ ಆರ್‌ಸಿಂಕ್: ಐದು ವರ್ಷ ಬಳಸಿದ ಮೇಲೆ

ಮಂಗಳೂರಿನ ಒಂದು ಸಣ್ಣ ಲೋಕಲ್ ಚಾನೆಲ್‌ನಲ್ಲಿ ತಾಂತ್ರಿಕ ಕೆಲಸ ನೋಡಿಕೊಳ್ಳುತ್ತೇನೆ. ಉಡುಪಿಯ ರಥಬೀದಿ ಹತ್ತಿರ ನಮ್ಮ ಇನ್ನೊಂದು ಆಫೀಸ್ ಇದೆ. ರೆಕಾರ್ಡಿಂಗ್ ಸರ್ವರ್ ಅಲ್ಲಿ, ಪ್ರಸಾರಕ್ಕೆ ಫೈಲ್ ಓಡಿಸುವ ಪ್ಲೇಔಟ್ ಸರ್ವರ್ ಇಲ್ಲಿ. ಎರಡೂ ಬೇರೆ ಬೇರೆ ಕಂಪನಿಯವು. ಅಲ್ಲಿಂದ ಇಲ್ಲಿಗೆ ಫೈಲ್ ತರಿಸುವುದೇ ನನ್ನ ದಿನದ ಮುಖ್ಯ ಕೆಲಸ.

ಮೊದಲು ಫೈಲ್ ಕಳಿಸುವ ಹಳೆಯ ವಿಧಾನವಾದ ಎಫ್‌ಟಿಪಿ ಬಳಸುತ್ತಿದ್ದೆವು. ಅದರಲ್ಲಿ ಫೈಲ್ ಬರಲು ಶುರುವಾದ ಕೂಡಲೇ ನಿಜವಾದ ಹೆಸರಲ್ಲೇ ಫೋಲ್ಡರ್‌ನಲ್ಲಿ ಕಾಣಿಸುತ್ತಿತ್ತು. ನಮ್ಮ ಪ್ಲೇಔಟ್ ಸರ್ವರ್ ಪೂರ್ತಿ ಬಂತಾ ಇಲ್ವಾ ಅಂತ ನೋಡದೆ ಅದನ್ನು ಎತ್ತಿಕೊಳ್ಳುತ್ತಿತ್ತು. ಒಂದು ರಾತ್ರಿ ಭಾಗವತರು ಪದ ಎತ್ತಿದ್ದಾರೆ, ಜಾಗಟೆ ಮೇಲೆ ಕೋಲು ಇದೆ, ಅಲ್ಲಿಗೇ ಚಿತ್ರ ನಿಂತುಬಿಟ್ಟಿತು. ಫೋನ್ ಮೇಲೆ ಫೋನ್. ಆಟ ನೋಡಲು ನಿದ್ದೆಗೆಟ್ಟು ಕೂತವರಿಗೆ ಹೀಗೆ ಮಾಡಬಾರದಿತ್ತು ಅಂತ ಇವತ್ತಿಗೂ ಬೇಸರ ಇದೆ.

ಆಮೇಲೆ ಎರಡೂ ಕಡೆ ಒಂದೊಂದು ಹಳೆಯ ಕಂಪ್ಯೂಟರ್‌ಗೆ ಲಿನಕ್ಸ್ ಹಾಕಿ, ಸರ್ವರ್‌ಗಳ ಫೋಲ್ಡರ್‌ಗಳನ್ನು ಅದಕ್ಕೆ ಜೋಡಿಸಿ ಆರ್‌ಸಿಂಕ್ ಶುರು ಮಾಡಿದೆ. ಒಂದು ಕಂಪ್ಯೂಟರ್‌ನಿಂದ ಇನ್ನೊಂದಕ್ಕೆ ಫೈಲ್ ನಕಲು ಮಾಡುವ, 1996ರಿಂದ ಇರುವ ಉಚಿತ ಸಾಫ್ಟ್‌ವೇರ್ ಇದು. ನನಗೆ ಇದರಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಒಂದು ಸಣ್ಣ ಗುಣ. ಬರುತ್ತಿರುವ ಫೈಲನ್ನು ಚುಕ್ಕಿಯಿಂದ ಶುರುವಾಗುವ ತಾತ್ಕಾಲಿಕ ಹೆಸರಲ್ಲಿ ಇಟ್ಟುಕೊಳ್ಳುತ್ತದೆ. ಪೂರ್ತಿ ಬಂದು, ತಾಳೆ ನೋಡಿ ಸರಿ ಇದ್ದರೆ ಮಾತ್ರ ನಿಜವಾದ ಹೆಸರು ಕೊಡುತ್ತದೆ. ಅರ್ಧ ಬಂದ ಫೈಲ್ ಪ್ಲೇಔಟ್ ಕಣ್ಣಿಗೆ ಬೀಳುವುದೇ ಇಲ್ಲ. ಐದು ವರ್ಷದಲ್ಲಿ ಆ ರಾತ್ರಿಯ ಕಥೆ ಮತ್ತೆ ಆಗಿಲ್ಲ.

ನಮ್ಮ ರೆಕಾರ್ಡಿಂಗ್ ಸೆಕೆಂಡಿಗೆ 50 ಮೆಗಾಬಿಟ್. ಎಂಟು ಗಂಟೆಯ ಬಯಲಾಟ ಅಂದರೆ ಚಿತ್ರ ಮಾತ್ರವೇ 180 ಜಿಬಿ. 100 ಮೆಗಾಬಿಟ್ ಲೈನ್ ಪೂರ್ತಿ ಸಿಕ್ಕರೂ ನಾಲ್ಕು ಗಂಟೆ ಬೇಕು. ಮಳೆಗಾಲದಲ್ಲಿ ಅಷ್ಟು ಹೊತ್ತು ಲೈನ್ ನಿಲ್ಲಬೇಕಲ್ಲ! ಅದಕ್ಕೇ ಆರ್‌ಸಿಂಕ್‌ನ ಪಾರ್ಶಿಯಲ್-ಡೈರ್ ಮತ್ತು ಟೈಮ್‌ಔಟ್ ಎರಡೂ ಆಯ್ಕೆಗಳನ್ನು ಹಾಕಿಕೊಳ್ಳಿ. ಲೈನ್ ಕಡಿದರೆ ಟೈಮ್‌ಔಟ್ ಸುಮ್ಮನೆ ಕಾಯುತ್ತಾ ಕೂರದೆ ಕೆಲಸ ನಿಲ್ಲಿಸುತ್ತದೆ, ಪಾರ್ಶಿಯಲ್-ಡೈರ್‌ನಿಂದಾಗಿ ಬಂದಷ್ಟು ಭಾಗ ಬೇರೆ ಫೋಲ್ಡರ್‌ನಲ್ಲಿ ಉಳಿಯುತ್ತದೆ. ಮತ್ತೆ ಶುರು ಮಾಡಿದಾಗ ಅದನ್ನು ಓದಿ ಹೋಲಿಸಲು ಸ್ವಲ್ಪ ಹೊತ್ತು ಹಿಡಿಯುತ್ತದೆ, ಗಾಬರಿ ಬೇಡ. ನಿಂತಲ್ಲಿಂದ ಮುಂದಕ್ಕೆ ಸೇರಿಸುವ ಅಪೆಂಡ್ ಆಯ್ಕೆ ಸುಲಭ ಅಂತ ಕಾಣಬಹುದು. ಆದರೆ ಅದು ನಿಜವಾದ ಹೆಸರಿನ ಫೈಲ್‌ಗೇ ಬರೆಯುತ್ತದೆ. ನಾನು ಹೇಳಿದ ಆ ಒಳ್ಳೆಯ ಗುಣ ಅಲ್ಲಿಗೆ ಹೋಯಿತು.

2024ರ ಜನವರಿ 18, ಪುತ್ತಿಗೆ ಪರ್ಯಾಯದ ಬೆಳಗ್ಗೆ. ಉಡುಪಿಯಿಂದ ಸಣ್ಣ ಸಣ್ಣ ತುಣುಕುಗಳು ಒಂದರ ಹಿಂದೆ ಒಂದು ಬರುತ್ತಿದ್ದವು. "ಬಂತಾ ಮಾರ್ರೆ?" ಅಂತ ಅಲ್ಲಿನ ಎಡಿಟರ್ ಕೇಳುವಷ್ಟರಲ್ಲಿ ಫೈಲ್ ಇಲ್ಲಿ ಇರುತ್ತಿತ್ತು.

ಇನ್ನು ಕೊರತೆ. ಆರ್‌ಸಿಂಕ್ ಫೈಲನ್ನು ಇದ್ದ ಹಾಗೇ ತಂದು ಇಡುತ್ತದೆ, ಅಷ್ಟೇ. ಎರಡೂ ಸರ್ವರ್‌ಗಳು ತಮ್ಮ ವಿಡಿಯೊ ಫೈಲ್ ಮಾದರಿ ಎಂಎಕ್ಸ್‌ಎಫ್ ಅಂತಲೇ ಹೇಳಿಕೊಂಡರೂ ಒಂದು ಚಿತ್ರ, ಧ್ವನಿಗಳನ್ನು ಬೇರೆ ಬೇರೆ ಫೈಲ್ ಮಾಡುತ್ತದೆ, ಇನ್ನೊಂದಕ್ಕೆ ಎಲ್ಲ ಒಂದರಲ್ಲೇ ಬೇಕು. ಹಾಗಾಗಿ ತಂದ ಮೇಲೆ ಎಫ್‌ಎಫ್‌ಎಂಪೆಗ್ ಎಂಬ ವಿಡಿಯೊ ಸಾಫ್ಟ್‌ವೇರ್‌ನಲ್ಲಿ, ಚಿತ್ರ, ಧ್ವನಿಗಳನ್ನು ಇದ್ದ ಹಾಗೇ ಇಡುವ ಕಾಪಿ ಆಯ್ಕೆ ಕೊಟ್ಟು ಒಟ್ಟು ಸೇರಿಸುತ್ತೇನೆ. ಚಿತ್ರದ ಗುಣಮಟ್ಟ ಒಂದಿಷ್ಟೂ ಕೆಡುವುದಿಲ್ಲ. ಆದರೆ ಏನೇನು ಸೇರಬೇಕು ಅಂತ ಹೇಳುವ ಮ್ಯಾಪ್ ಆಯ್ಕೆಯಲ್ಲಿ ಪ್ರತಿ ಫೈಲನ್ನೂ ಹೆಸರಿಸಲೇಬೇಕು, ಇಲ್ಲದಿದ್ದರೆ ಒಂದೇ ಧ್ವನಿ ಟ್ರ್ಯಾಕ್ ತೆಗೆದುಕೊಳ್ಳುತ್ತದೆ. ನಾನು ಅದನ್ನು ಕಲಿತದ್ದು ಭಾಗವತರ ಪದ ಮಾತ್ರ ಇದ್ದು, ಚೆಂಡೆ, ಮದ್ದಳೆ ಎರಡೂ ಇಲ್ಲದ ಒಂದು ಪ್ರಸಂಗವನ್ನು ಹೆಡ್‌ಫೋನ್‌ನಲ್ಲಿ ಕೇಳಿದಾಗ. ಪ್ರಸಾರಕ್ಕೆ ಮೊದಲೇ ಕೇಳಿದ್ದು ಪುಣ್ಯ.

ಕಮಾಂಡ್ ಟೈಪ್ ಮಾಡಲು ಹಿಂಜರಿಯುವವರಿಗೆ ಮೊದಲ ವಾರ ಕಷ್ಟ. ನಮ್ಮ ಹುಡುಗರಿಗೆ ಒಂದು ಬಟನ್ ಮಾಡಿಕೊಟ್ಟಿದ್ದೇನೆ, ಈಗ ನನ್ನನ್ನು ಕೇಳುವುದೇ ಇಲ್ಲ. ಐದರಲ್ಲಿ ನಾಲ್ಕೂವರೆ ಕೊಡುತ್ತೇನೆ.