ಕಾರ್ಡಿನಲ್ಲಿ ಬರೆದು ಕೇಳುವ ಪ್ರಶ್ನೆಗಳು: ಪುಣೆಯ ಒಂದು ವಾಚನಾಲಯದಲ್ಲಿ ನಾರ್ಳಿಕರ್ ಕಥೆಗಳ ಓದು

ಪುಣೆಯ ಅಪ್ಪಾ ಬಳವಂತ ಚೌಕದಲ್ಲಿ ಶಾಲಾ ಪುಸ್ತಕದಂಗಡಿಗಳ ಸಾಲು ದಾಟಿ ಒಳಗಿನ ಓಣಿಗೆ ತಿರುಗಿದರೆ, ಹಳೆಯ ವಾಡೆಯೊಂದರ ಮೊದಲ ಮಹಡಿಯಲ್ಲಿ ಧಾರವಾಡ ಕಡೆಯ ದಂಪತಿಗಳು ನಡೆಸುವ ಎರಡು ಕೋಣೆಗಳ ವಾಚನಾಲಯ ಸಿಗುತ್ತದೆ. ಹೊರಗೆ ಫಲಕವಿಲ್ಲ, ‘ಕಾನಡಿ ವಾಚನಾಲಯ’ ಎಂದು ಕೇಳಿದರೆ ಓಣಿಯವರು ಮೆಟ್ಟಿಲು ತೋರಿಸುತ್ತಾರೆ. ಪುಸ್ತಕಗಳನ್ನು ಮನೆಗೆ ಕೊಡುವುದು ಅಲ್ಲಿಯ ನಿತ್ಯದ ಕೆಲಸ. ನಾನು ಬರೆಯಹೊರಟಿರುವುದು ಪ್ರತಿ ತಿಂಗಳ ಮೂರನೆಯ ರವಿವಾರ ಸಂಜೆ ಅಲ್ಲಿ ನಡೆಯುವ ಓದುಗರ ಪ್ರಶ್ನೆಗಳ ಬೈಠಕ್ಕಿನ ಬಗ್ಗೆ. ಕೆಲವು ತಿಂಗಳುಗಳಿಂದ ಅದು ಜಯಂತ ನಾರ್ಳಿಕರ್ ಒಬ್ಬರ ವಿಜ್ಞಾನ ಕಥೆಗಳಿಗೇ ಮೀಸಲಾಗಿದೆ.

ಕೊಲ್ಹಾಪುರದಲ್ಲಿ 1938ರಲ್ಲಿ ಹುಟ್ಟಿ, ಕೇಂಬ್ರಿಡ್ಜಿನಲ್ಲಿ ಬ್ರಿಟಿಷ್ ಖಗೋಳವಿಜ್ಞಾನಿ ಫ್ರೆಡ್ ಹಾಯ್ಲ್ ಅವರೊಡನೆ ಗುರುತ್ವದ ಹೊಸದೊಂದು ಸಿದ್ಧಾಂತವನ್ನು ರೂಪಿಸಿ, 1988ರಲ್ಲಿ ಪುಣೆಯ ಖಗೋಳ ಸಂಶೋಧನಾ ಸಂಸ್ಥೆ ಆಯುಕಾವನ್ನು ಕಟ್ಟಿದ ಈ ಖಗೋಳವಿಜ್ಞಾನಿ 2025ರ ಮೇ 20ರಂದು ಇದೇ ಊರಿನಲ್ಲಿ ತೀರಿಕೊಂಡರು. ಅವರು 1974ರಲ್ಲಿ ಮರಾಠಿ ವಿಜ್ಞಾನ ಪರಿಷತ್ತಿನ ಸ್ಪರ್ಧೆಗೆ ‘ಕೃಷ್ಣವಿವರ’ (ಕಪ್ಪುಕುಳಿ, ಬ್ಲ್ಯಾಕ್ ಹೋಲ್) ಎಂಬ ಕಥೆಯನ್ನು ಕಳಿಸಿದಾಗ, ತಮ್ಮ ಹೆಸರು ತೀರ್ಪುಗಾರರ ಮೇಲೆ ಪ್ರಭಾವ ಬೀರಬಾರದೆಂದು, ಹೆಸರಿನ ಮೊದಲಕ್ಷರಗಳನ್ನು ತಿರುವುಮುರುವು ಮಾಡಿ ನಾರಾಯಣ ವಿನಾಯಕ ಜಗತಾಪ ಎಂದು ಬರೆದುಕೊಂಡಿದ್ದರು. ಬಹುಮಾನ ಆ ಜಗತಾಪರಿಗೇ ಬಂದಿತು. ಹಸ್ತಾಕ್ಷರ ಕೇಳಿ ಬಂದ ಮಕ್ಕಳಿಗೆ ಅವರು, ಅದರ ಬದಲು ಅಂಚೆ ಕಾರ್ಡಿನಲ್ಲಿ ಒಂದು ಪ್ರಶ್ನೆ ಬರೆದು ಕಳಿಸಿದರೆ ಉತ್ತರಿಸುತ್ತೇನೆ ಎನ್ನುತ್ತಿದ್ದರು. ವಾಚನಾಲಯದವರು ಈ ಪದ್ಧತಿಯನ್ನೇ ಎತ್ತಿಕೊಂಡಿದ್ದಾರೆ. ಸದಸ್ಯರು 50 ಪೈಸೆಯ ಕಾರ್ಡಿನಲ್ಲಿ ಒಂದೇ ಒಂದು ಪ್ರಶ್ನೆ ಬರೆದು ಬಾಗಿಲ ಬಳಿಯ ತಗಡಿನ ಪೆಟ್ಟಿಗೆಗೆ ಹಾಕಬೇಕು. ಭೌತವಿಜ್ಞಾನ ಕಲಿಸಿ ನಿವೃತ್ತರಾದ, ಎಲ್ಲರೂ ಮಾಸ್ತರರೆಂದು ಕರೆಯುವ ಹಿರಿಯರೊಬ್ಬರು ಬೈಠಕ್ಕಿನಲ್ಲಿ ಉತ್ತರ ಹೇಳಿ, ಆಮೇಲೆ ಅದನ್ನು ದೊಡ್ಡ ವಹಿಯಲ್ಲಿ ಮೂರು ಭಾಗವಾಗಿ ಬರೆದಿಡುತ್ತಾರೆ: ಕಥೆ ಹೇಳುವುದೇನು, ವಿಜ್ಞಾನ ಬಲ್ಲದ್ದೇನು, ಲೇಖಕರ ಊಹೆ ಶುರುವಾಗುವುದು ಎಲ್ಲಿಂದ. ಈ ಮೂರನೆಯ ಭಾಗಕ್ಕಾಗಿಯೇ ನಾನು ಕೋಥರೂಡಿನಿಂದ ಎರಡು ಬಸ್ಸು ಬದಲಾಯಿಸಿ ಹೋಗುತ್ತೇನೆ.

ಕಳೆದ ತಿಂಗಳು ಕಾಲೇಜು ಹುಡುಗಿಯೊಬ್ಬಳ ಕಾರ್ಡು ಬಂದಿತ್ತು. ಕಪ್ಪುಕುಳಿಯ ಹತ್ತಿರ ಕೆಲಹೊತ್ತು ಇದ್ದು ಮರಳಿದವನಿಗೆ ಹೊರಗಿನವರಿಗಿಂತ ಕಡಿಮೆ ವಯಸ್ಸಾಗಿರುತ್ತದೆ ಎನ್ನುತ್ತಾರಲ್ಲ, ಎಷ್ಟು ಹತ್ತಿರ ಹೋಗಬೇಕು ಎಂಬುದು ಅವಳ ಪ್ರಶ್ನೆ. ಮಾಸ್ತರರು ಹಲಗೆಯ ಮೇಲೆ ಲೆಕ್ಕ ಬಿಡಿಸಿದರು. ಸೂರ್ಯನಷ್ಟೇ ದ್ರವ್ಯರಾಶಿಯ ಕಪ್ಪುಕುಳಿಯ ಘಟನಾ ದಿಗಂತ, ಎಂದರೆ ಬೆಳಕೂ ಹೊರಬರಲಾಗದ ಗಡಿ, ಕೇಂದ್ರದಿಂದ ಸುಮಾರು 3 ಕಿಲೋಮೀಟರ್. 4 ಕಿಲೋಮೀಟರಿನಲ್ಲಿ ಅಲುಗಾಡದೆ ನಿಂತವನಿಗೆ 1 ಗಂಟೆ ಕಳೆದರೆ ದೂರದವರಿಗೆ 2 ಗಂಟೆ ಕಳೆದಿರುತ್ತದೆ. ಎಲ್ಲರೂ ತಲೆದೂಗಿದರೂ ಹುಡುಗಿ ಬಿಡಲಿಲ್ಲ. “ಅಲ್ಲಿ ಮನಷ್ಯಾ ಉಳೀತಾನೇನ್ರೀ ಮಾಸ್ತರ?” ಎಂದು ಕೇಳಿದಳು. “ಇಲ್ಲವಾ, ಉಳಿಯೂದಿಲ್ಲ,” ಎಂದು ಒಪ್ಪಿಕೊಂಡ ಮಾಸ್ತರರು ಹೊಸ ಲೆಕ್ಕಕ್ಕೆ ಕುಳಿತರು. ಅಷ್ಟು ಹತ್ತಿರದಲ್ಲಿ ತಲೆಗೂ ಕಾಲಿಗೂ ಬೀಳುವ ಸೆಳೆತದ ವ್ಯತ್ಯಾಸ ಭೂಮಿಯ ಗುರುತ್ವದ ಹತ್ತಾರು ಕೋಟಿ ಪಟ್ಟಾಗುತ್ತದೆ. ನಮ್ಮ ಆಕಾಶಗಂಗೆಯ ನಡುವೆ ಇರುವಂಥ, ಸುಮಾರು 40 ಲಕ್ಷ ಸೂರ್ಯರಷ್ಟು ಭಾರದ ಕಪ್ಪುಕುಳಿಯನ್ನು ಆರಿಸಿಕೊಂಡರೆ ಈ ವ್ಯತ್ಯಾಸ ಮೈಗೆ ತಿಳಿಯದಷ್ಟು ಕುಗ್ಗುತ್ತದೆ, ಏಕೆಂದರೆ ದಿಗಂತದ ಬಳಿ ಅದು ದ್ರವ್ಯರಾಶಿಯ ವರ್ಗಕ್ಕೆ ವಿಲೋಮವಾಗಿ ಇಳಿಯುತ್ತದೆ. ಆದರೂ ಬೀಳದೆ ಒಂದೇ ಕಡೆ ನಿಲ್ಲಲು ಎಂಜಿನ್ ಕೊಡಬೇಕಾದ ಒತ್ತಡಕ್ಕೆ ಮನುಷ್ಯ ಜಜ್ಜಿಹೋಗುತ್ತಾನೆ. ಉಳಿಯುವ ದಾರಿ ಒಂದೇ: ಎಂಜಿನ್ ನಿಲ್ಲಿಸಿ ಸುತ್ತುವುದು. ತನ್ನ ಅಕ್ಷದ ಮೇಲೆ ತಿರುಗದ ಕಪ್ಪುಕುಳಿಯ ಸುತ್ತ ಸ್ಥಿರವಾದ ವೃತ್ತಕಕ್ಷೆ ದಿಗಂತದ ಮೂರು ಪಟ್ಟು ದೂರಕ್ಕಿಂತ ಒಳಗೆ ಸಿಗುವುದಿಲ್ಲ, ಮತ್ತು ಆ ದೂರದಲ್ಲಿ ಸುತ್ತುವವನ 1 ಗಂಟೆ ಹೊರಗಿನ ಸುಮಾರು 1 ಗಂಟೆ 25 ನಿಮಿಷಕ್ಕೆ ಸಮ. ಒಂದು ಕಾರ್ಡಿನ ಪ್ರಶ್ನೆಗೆ ಮುಕ್ಕಾಲು ಗಂಟೆ ಹೋಯಿತು. ಅದರಲ್ಲಿ ಒಂದು ನಿಮಿಷವೂ ವ್ಯರ್ಥವಾಯಿತೆಂದು ನನಗೆ ಅನಿಸಲಿಲ್ಲ.

ವಹಿಯಲ್ಲಿ ತಪ್ಪುಗಳೂ ಇದ್ದವು. ಕಪ್ಪುಕುಳಿ ಸುತ್ತಲಿನದನ್ನೆಲ್ಲ ನುಂಗುತ್ತಲೇ ಹೋಗುತ್ತದೆ ಎಂದು ಹಳೆಯ ಉತ್ತರವೊಂದರಲ್ಲಿ ಬರೆದಿತ್ತು. ಸೂರ್ಯನ ಜಾಗದಲ್ಲಿ ಅಷ್ಟೇ ದ್ರವ್ಯರಾಶಿಯ ಕಪ್ಪುಕುಳಿಯನ್ನಿಟ್ಟರೆ ಭೂಮಿ ತಣ್ಣಗಾದೀತೇ ಹೊರತು ಅದರ ಕಕ್ಷೆ ಬದಲಾಗದು ಎಂದು ನಾನು ಕಾರ್ಡು ಹಾಕಿದೆ. ಮುಂದಿನ ತಿಂಗಳು ನೋಡಿದಾಗ ಹಳೆಯ ಉತ್ತರವನ್ನು ಅಳಿಸದೆ, ಅದರ ಪಕ್ಕಕ್ಕೆ ತಿದ್ದುಪಡಿಯ ಚೀಟಿಯನ್ನು ದಿನಾಂಕದೊಡನೆ ಅಂಟಿಸಿದ್ದರು. ಈ ಪ್ರಾಮಾಣಿಕತೆ ನನಗೆ ಬಹಳ ಹಿಡಿಸಿತು.

ಅತಿ ಹೆಚ್ಚು ಕಾರ್ಡುಗಳು ಬರುವುದು ಗಂಗಾಧರಪಂತರ ಕಥೆಗೆ. ಪಾಣಿಪತ್ ಯುದ್ಧದ ಫಲಿತಾಂಶ ಬೇರೆಯಾಗಿದ್ದರೆ ಏನಾಗುತ್ತಿತ್ತೆಂದು ಯೋಚಿಸುತ್ತಿದ್ದ ಇತಿಹಾಸದ ಪ್ರಾಧ್ಯಾಪಕರೊಬ್ಬರು ಟ್ರಕ್ಕಿಗೆ ಸಿಕ್ಕಿ, ಮರಾಠರು ಗೆದ್ದ ಲೋಕವನ್ನು ಹೊಕ್ಕುಬರುವ ಕಥೆಯದು. 1761ರ ಜನವರಿ 14ರಂದು ಪೇಶ್ವೆಯ ಮಗ ವಿಶ್ವಾಸರಾವ್ ಆ ಯುದ್ಧದಲ್ಲಿ ಗುಂಡಿಗೆ ಬಲಿಯಾದದ್ದು ಇತಿಹಾಸ. ಕಥೆಯಲ್ಲಿ ಆ ಗುಂಡು ಕಿವಿಯ ಪಕ್ಕದಲ್ಲಿ ಸವರಿಕೊಂಡು ಹೋಗುತ್ತದೆ. ವಾರಕ್ಕೊಮ್ಮೆ ಡೆಕ್ಕನ್ ಕ್ವೀನ್ ರೈಲು ಹತ್ತುವ ನಮ್ಮಂಥವರಿಗೆ, ಅದಕ್ಕಿಂತ ವೇಗವಾಗಿ ಮುಂಬೈಗೆ ಓಡುವ ಕಥೆಯ ಜಿಜಾಮಾತಾ ಎಕ್ಸ್‌ಪ್ರೆಸ್ಸಿನ ಮೇಲೆ ವಿಶೇಷ ಮಮತೆ. ಮರಾಠರು ಗೆದ್ದಮೇಲೂ ಮುಂಬೈಯಲ್ಲಿ ಇಂಗ್ಲಿಷರೇಕೆ ಉಳಿದಿದ್ದಾರೆ ಎಂದು ಒಬ್ಬರು ಕೇಳಿದ್ದಕ್ಕೆ ಉತ್ತರ ಕಥೆಯೊಳಗೇ ಇದೆ: ವ್ಯಾಪಾರದ ಲಾಭಕ್ಕಾಗಿ ಆ ನಗರವನ್ನು ಅವರಿಗೆ ಗುತ್ತಿಗೆಗೆ ಕೊಡಲಾಗಿದೆ. ಭೌತವಿಜ್ಞಾನದ ವಿಷಯದಲ್ಲಿ ಮಾತ್ರ ನನಗೆ ಮಾಸ್ತರರೊಡನೆ ಭಿನ್ನಾಭಿಪ್ರಾಯವಿದೆ. ಎಲೆಕ್ಟ್ರಾನ್ ಎಲ್ಲಿ ಸಿಗುತ್ತದೆಂದು ಖಚಿತವಾಗಿ ಹೇಳಲಾಗದು, ಸಂಭವನೀಯತೆಯನ್ನಷ್ಟೇ ಹೇಳಬಹುದು ಎಂಬುದು ಪ್ರಯೋಗಗಳಿಂದ ದೃಢಪಟ್ಟ ಸಂಗತಿ. ಆದರೆ ಪ್ರತಿಯೊಂದು ಸಾಧ್ಯತೆಗೂ ಒಂದೊಂದು ಲೋಕವಿದೆ ಎಂಬುದು ಆ ಗಣಿತಕ್ಕೆ ಕೊಡಬಹುದಾದ ಹಲವು ವ್ಯಾಖ್ಯಾನಗಳಲ್ಲಿ ಒಂದು. ಅದನ್ನು ಅವರು ‘ವಿಜ್ಞಾನ ಬಲ್ಲದ್ದು’ ಎಂಬ ಭಾಗದಲ್ಲಿ ಬರೆದಿರುವುದು ಸರಿಯಲ್ಲ. ಅದು ಊಹೆಯ ಭಾಗದಲ್ಲಿರಬೇಕು. ಎಲೆಕ್ಟ್ರಾನಿನಿಂದ ಮನುಷ್ಯನಿಗೆ ನೆಗೆಯುವುದಂತೂ ಪೂರ್ತಿಯಾಗಿ ಕಥೆಗಾರನ ಸ್ವಾತಂತ್ರ್ಯ, ಮತ್ತು ಕಥೆಯ ಸೊಗಸು ಇರುವುದೂ ಅಲ್ಲಿಯೇ.

ಮುಂಬೈಯಲ್ಲಿ ಹಿಮ ಬೀಳುವ ಕಥೆಯ ಚರ್ಚೆ ಬೇಗ ಮುಗಿಯಿತು. ಜ್ವಾಲಾಮುಖಿಯ ಧೂಳಿನಿಂದ ಭೂಮಿ ಎಷ್ಟು ತಣಿದೀತು ಎಂಬ ಪ್ರಶ್ನೆಗೆ ಮಾಸ್ತರರು 1991ರ ಪಿನಾಟುಬೊ ಸ್ಫೋಟವನ್ನು ಉದಾಹರಿಸಿದರು. ಆಗ ಜಗತ್ತಿನ ಸರಾಸರಿ ಉಷ್ಣತೆ ಸುಮಾರು ಅರ್ಧ ಡಿಗ್ರಿ ಸೆಲ್ಸಿಯಸ್ ಇಳಿದು, ಕೆಲವು ವರ್ಷಗಳಲ್ಲಿ ಮತ್ತೆ ಏರಿತು. ಕಥೆಯ ನಿಜವಾದ ಆಧಾರವಾದ, ಸುಮಾರು ಮೈನಸ್ 40 ಡಿಗ್ರಿಯಲ್ಲಿ ಗಾಳಿಯ ತೇವ ಸಣ್ಣ ಹಿಮಹರಳುಗಳಾಗಿ ಬಿಸಿಲನ್ನು ಹಿಂದಕ್ಕೆ ಚೆಲ್ಲುವ ‘ವಜ್ರಧೂಳಿ’ಯ ವಿಷಯಕ್ಕೆ ಬರುವಷ್ಟರಲ್ಲಿ ಎಂಟು ಹೊಡೆದಿತ್ತು. ಅದು ಇನ್ನೊಂದು ಸಂಜೆಗೆ ಯೋಗ್ಯವಾದ ವಿಷಯ.

ಕೊರತೆಗಳನ್ನೂ ಹೇಳಬೇಕು. ಈ ಕಥೆಗಳ ಪ್ರತಿಗಳು ಅಲ್ಲಿರುವುದು ಮರಾಠಿ ಮತ್ತು ಇಂಗ್ಲಿಷಿನಲ್ಲಿ ಮಾತ್ರ. ವಾಚನಾಲಯದ ಅಕ್ಕನವರು ಬೈಠಕ್ಕಿಗೆ ಮೊದಲು ಕಥೆಯನ್ನು ಕನ್ನಡದಲ್ಲಿ ಹೇಳುತ್ತಾರೆ, ಚೆನ್ನಾಗಿಯೇ ಹೇಳುತ್ತಾರೆ, ಆದರೆ ಹೇಳಿದ ಕಥೆ ಓದಿದ ಕಥೆಯಾಗುವುದಿಲ್ಲ. ವಹಿಯಲ್ಲಿ ಒಂದು ಕಡೆ ಕಪ್ಪುಕುಳಿ, ಇನ್ನೊಂದು ಕಡೆ ಕೃಷ್ಣರಂಧ್ರ, ಮತ್ತೊಂದು ಕಡೆ ಮರಾಠಿಯ ಕೃಷ್ಣವಿವರ ಎಂದು ಬರೆದಿರುವುದರಿಂದ ಹೊಸಬರಿಗೆ ಇವು ಮೂರು ಬೇರೆ ವಸ್ತುಗಳೆಂಬ ಭ್ರಮೆಯಾಗುತ್ತದೆ. ಮೆಟ್ಟಿಲು ಕಡಿದಾಗಿದ್ದು, ಮೊಣಕಾಲು ನೋವಿನ ಹಿರಿಯರಿಗೆ ಹತ್ತುವುದು ಕಷ್ಟ. ಇಪ್ಪತ್ತು ಜನ ಬಂದರೆ ಕೊನೆಯ ಐವರು ಕಿಟಕಿಯ ಕಟ್ಟೆಯ ಮೇಲೆ ಕುಳಿತುಕೊಳ್ಳಬೇಕು.

ಪುಸ್ತಕ ಒಯ್ಯಲು 500 ರೂಪಾಯಿ ಠೇವಣಿಯಿದೆ, ಬೈಠಕ್ಕಿಗೆ ಶುಲ್ಕವಿಲ್ಲ. ಕಾರ್ಡನ್ನು ಹಿಂದಿನ ಬುಧವಾರದೊಳಗೆ ಪೆಟ್ಟಿಗೆಗೆ ಹಾಕಿದರೆ ಅದೇ ತಿಂಗಳಲ್ಲಿ ಉತ್ತರ ಸಿಗುತ್ತದೆ. ವಜ್ರಧೂಳಿಯ ಬಗ್ಗೆ ಕೇಳಿ ನಾನು ನನ್ನದನ್ನು ಆಗಲೇ ಹಾಕಿ ಬಂದಿದ್ದೇನೆ.