ಬೂದು ಶಾರ್ಕ್‌ಗಳಿಗಾಗಿ ಮೂರು ಕಂಡಿಗಳು: ತಿಪುತಾ, ಗರುವಾಯೆ, ತುಮಾಕೊಹುವಾ

ಶಾರ್ಕ್ ನೋಡಲೆಂದೇ ಫ್ರೆಂಚ್ ಪಾಲಿನೇಷ್ಯದ ತುವಾಮೋತು ದ್ವೀಪಸಮೂಹಕ್ಕೆ ಹೊರಡುವ ಸ್ಕೂಬಾ ಡೈವರ್‌ಗಳು ಸಾಮಾನ್ಯವಾಗಿ ಮೂರು ಜಾಗಗಳ ನಡುವೆ ತೂಗಾಡುತ್ತಾರೆ. ಒಂದು, ರಂಗಿರೋವಾ ಅಟಾಲಿನ (ಬಳೆಯಾಕಾರದ ಹವಳದ್ವೀಪದ) ತಿಪುತಾ. ಇನ್ನೊಂದು, ಫಕರಾವಾ ಅಟಾಲಿನ ಉತ್ತರದಲ್ಲಿರುವ ಗರುವಾಯೆ. ಮತ್ತೊಂದು, ಅದೇ ಅಟಾಲಿನ ದಕ್ಷಿಣ ತುದಿಯ ತುಮಾಕೊಹುವಾ. ಮೂರೂ ಬಳೆಯಾಕಾರದ ಹವಳದ ದಿಬ್ಬದಲ್ಲಿ ಬಿದ್ದಿರುವ ಕಂಡಿಗಳು. ದಿಬ್ಬ ಸುತ್ತುವರಿದಿರುವ ಒಳನೀರಿಗೂ, ಅಂದರೆ ಲಗೂನಿಗೂ, ಹೊರಗಿನ ಪೆಸಿಫಿಕ್ ಸಾಗರಕ್ಕೂ ನೀರು ಓಡಾಡುವುದು ಈ ದಾರಿಗಳಲ್ಲಿ. ಮೂರರಲ್ಲೂ ಮುಖ್ಯವಾಗಿ ಕಾಣಸಿಗುವುದು ಒಂದೇ ಜಾತಿಯ ಬೂದು ಶಾರ್ಕ್. ಆದ್ದರಿಂದ ಯಾವುದಕ್ಕೆ ಹೋದರೂ ಒಂದೇ ಎಂದು ಭಾವಿಸುವವರಿದ್ದಾರೆ. ಮೂರರಲ್ಲೂ ಇಳಿದು ನೋಡಿದ ನನಗೆ ಹಾಗೆ ಅನ್ನಿಸಲಿಲ್ಲ. ಎಷ್ಟು ಶಾರ್ಕ್ ಕಂಡವು ಎಂಬ ಲೆಕ್ಕಕ್ಕಿಂತ, ಅವುಗಳೆದುರು ಎಷ್ಟು ಹೊತ್ತು ನಿಶ್ಚಲವಾಗಿ ಇರಲು ಸಾಧ್ಯವಾಯಿತು ಎಂಬುದನ್ನೇ ನಾನು ಅಳತೆಗೋಲಾಗಿ ಇಟ್ಟುಕೊಂಡಿದ್ದೇನೆ. ಆ ಅಳತೆಯಲ್ಲಿ ಈ ಮೂರೂ ಜಾಗಗಳ ನಡುವಿನ ಅಂತರ ಬಹಳ ದೊಡ್ಡದು.

ಶಾರ್ಕ್‌ಗಳು ಕಂಡಿಯ ಬಾಯಲ್ಲೇ ಏಕೆ ಸೇರುತ್ತವೆ ಎಂಬುದನ್ನು ತಿಳಿದಿದ್ದರೆ ಮುಂದಿನ ಹೋಲಿಕೆ ಸುಲಭವಾಗುತ್ತದೆ. ಬೂದು ಶಾರ್ಕ್ ಉಸಿರಾಡಬೇಕಾದರೆ ಅದರ ಕಿವಿರುಗಳ ಮೇಲೆ ನೀರು ಹರಿಯುತ್ತಲೇ ಇರಬೇಕು. ನಿಂತ ನೀರಿನಲ್ಲಿ ಅದು ಸದಾ ಈಜುತ್ತಿರಬೇಕಾಗುತ್ತದೆ. ಸೆಳವಿರುವ ಕಡೆ ಪ್ರವಾಹಕ್ಕೆ ಮುಖಮಾಡಿ, ಬಾಲವನ್ನು ತುಸುವೇ ಆಡಿಸುತ್ತ, ಹೆಚ್ಚುಕಡಿಮೆ ಇದ್ದಲ್ಲೇ ಇರಬಹುದು. ಇಳಿಜಾರಿಗೆ ಬಡಿದು ಮೇಲಕ್ಕೇಳುವ ನೀರಿನ ಒತ್ತು ಅದರ ಭಾರವನ್ನೂ ಒಂದಿಷ್ಟು ಹೊರುತ್ತದೆ. ಹಗಲಿನಲ್ಲಿ ಅವು ಹೀಗೆ ವಿಶ್ರಮಿಸಿ ರಾತ್ರಿ ಬೇಟೆಗೆ ಇಳಿಯುತ್ತವೆ. ಡೈವರ್‌ಗಳು ನೋಡುವ ‘ಶಾರ್ಕ್ ಗೋಡೆ’ ಎಂದರೆ ಹೀಗೆ ದಣಿವಾರಿಸಿಕೊಳ್ಳುತ್ತಿರುವ ಒಂದು ಹಿಂಡು. ಅಲ್ಲಿ ಯಾರೂ ಅವುಗಳಿಗೆ ಆಹಾರ ಹಾಕಿ ಕರೆಯುವುದಿಲ್ಲ ಎಂಬ ಕಾರಣಕ್ಕೇ ಆ ನೋಟದ ಬಗ್ಗೆ ನನಗೆ ವಿಶೇಷ ಗೌರವ.

ರಂಗಿರೋವಾ ತುವಾಮೋತುವಿನಲ್ಲೇ ದೊಡ್ಡ ಅಟಾಲ್. ಅದರ ಲಗೂನಿನ ಉದ್ದ ಸುಮಾರು 80 ಕಿಲೋಮೀಟರ್. ತಹೀತಿಯಿಂದ ನೇರ ವಿಮಾನವಿದೆ, ವಸತಿಗೃಹಗಳಿಂದ ತಿಪುತಾ ಕಂಡಿಗೆ ದೋಣಿಯಲ್ಲಿ ಹೆಚ್ಚು ದೂರವಿಲ್ಲ, ಡೈವಿಂಗ್ ಕೇಂದ್ರಗಳೂ ಹಲವು ಇವೆ. ಅನುಕೂಲವನ್ನಷ್ಟೇ ನೋಡುವುದಾದರೆ ಇದಕ್ಕೆ ಸಾಟಿಯಿಲ್ಲ. ಉಬ್ಬರದ ನೀರು ಒಳನುಗ್ಗುವ ಹೊತ್ತಿಗೆ ದೋಣಿ ಹೊರಸಾಗರದಲ್ಲಿ ನಮ್ಮನ್ನು ಇಳಿಸುತ್ತದೆ. ತಳ ಕಾಣದ ನೀಲಿಯಲ್ಲಿ ಸ್ವಲ್ಪ ಹೊತ್ತು ತೇಲಿ, ಆಮೇಲೆ ಸೆಳವಿನೊಂದಿಗೆ ಕಂಡಿಯೊಳಕ್ಕೆ ಸಾಗಬೇಕು. ಆ ನೀಲಿಯಲ್ಲಿ ಡಾಲ್ಫಿನ್‌ಗಳು ತಾವಾಗಿಯೇ ಬಳಿಬರುತ್ತವೆ. ಕಂಡಿಯನ್ನೇ ನೆಲೆ ಮಾಡಿಕೊಂಡಿರುವ ಆ ಗುಂಪು ಡೈವರ್‌ಗಳಿಗೆ ಎಷ್ಟು ಒಗ್ಗಿಹೋಗಿದೆಯೆಂದರೆ, ಒಂದು ಡಾಲ್ಫಿನ್ ನನ್ನ ಮುಖವಾಡದ ಎದುರೇ ಲಂಬವಾಗಿ ನಿಂತು, ತಲೆಯನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಓರೆ ಮಾಡಿ ನೋಡಿ ಹೋಯಿತು. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಇಲ್ಲಿ ದೊಡ್ಡ ಹ್ಯಾಮರ್‌ಹೆಡ್ ಶಾರ್ಕ್‌ಗಳೂ ತೊರಕೆ ಮೀನುಗಳ ಬೆನ್ನು ಹತ್ತಿ ಬರುತ್ತವೆ. ಆ ಪ್ರಾಣಿಯೇ ನಿಮ್ಮ ಗುರಿಯಾಗಿದ್ದರೆ ಮುಂದಿನ ಎರಡು ಜಾಗಗಳ ಮಾತನ್ನು ಬಿಟ್ಟು ರಂಗಿರೋವಾಕ್ಕೇ ಹೋಗುವುದು ಸರಿ.

ಬೂದು ಶಾರ್ಕ್‌ಗಳ ವಿಷಯದಲ್ಲಿ ಮಾತ್ರ ತಿಪುತಾ ನನಗೆ ತೃಪ್ತಿ ಕೊಡಲಿಲ್ಲ, ಅದಕ್ಕೆ ಕಾರಣ ಆಳ. ಹಿಂಡು ಸಾಮಾನ್ಯವಾಗಿ ನಿಲ್ಲುವುದು 40 ಮೀಟರಿನ ಸುತ್ತ, ಕೆಲವೊಮ್ಮೆ ಇನ್ನೂ ಕೆಳಗೆ. ಡೈವಿಂಗ್ ತರಬೇತಿ ಸಂಸ್ಥೆ ಪಾಡಿಯ (PADI) ಮನರಂಜನಾ ಡೈವಿಂಗ್ ಕೋಷ್ಟಕದ ಪ್ರಕಾರ ಸಾಮಾನ್ಯ ಗಾಳಿಯಲ್ಲಿ 40 ಮೀಟರಿನಲ್ಲಿ ವಿಸಂಪೀಡನ ನಿಲುಗಡೆಯಿಲ್ಲದೆ (ಮೈಯಲ್ಲಿ ಕರಗಿದ ಸಾರಜನಕ ಹೊರಹೋಗಲೆಂದು ಮೇಲೇರುವಾಗ ನಡುವೆ ತಡೆದು ನಿಲ್ಲದೆ) ಇರಬಹುದಾದ ಸಮಯ 9 ನಿಮಿಷ, ಅದರಲ್ಲಿ ಇಳಿಯುವ ಹೊತ್ತೂ ಸೇರಿರುತ್ತದೆ. ಆಮ್ಲಜನಕದ ಪಾಲು ಹೆಚ್ಚಿಸಿದ ಗಾಳಿಯಾದ ನೈಟ್ರಾಕ್ಸ್ ಕೂಡ ಇಲ್ಲಿ ಸಹಾಯಕ್ಕೆ ಬರುವುದಿಲ್ಲ. 32 ಶೇಕಡಾ ಆಮ್ಲಜನಕದ ಮಿಶ್ರಣವನ್ನು 33 ಮೀಟರಿಗಿಂತ ಹೆಚ್ಚು ಕೆಳಗೆ ಒಯ್ಯುವಂತಿಲ್ಲ. ಹಾಗಾಗಿ ಹೆಚ್ಚಿನವರು ಶಾರ್ಕ್‌ಗಳನ್ನು ನೋಡುವುದು ಮೇಲಿನಿಂದ, ಬೆನ್ನುಗಳ ಸಾಲಾಗಿ. ಆ ಸಾಲು ದೊಡ್ಡದಿರಬಹುದು, ಆದರೆ ಒಂದು ಪ್ರಾಣಿಯ ಮುಖವನ್ನಾದರೂ ಗುರುತಿಟ್ಟುಕೊಳ್ಳುವಷ್ಟು ಹೊತ್ತು ಸಿಗುವುದಿಲ್ಲ.

ಗರುವಾಯೆ ಫ್ರೆಂಚ್ ಪಾಲಿನೇಷ್ಯದಲ್ಲೇ ಅತಿ ಅಗಲವಾದ ಕಂಡಿ. ವಿಮಾನನಿಲ್ದಾಣವಿರುವ ರೋತೋಆವಾ ಹಳ್ಳಿಗೆ ಇದು ಹತ್ತಿರ. ಇಲ್ಲಿ ಶಾರ್ಕ್‌ಗಳು 30 ಮೀಟರಿನ ಆಸುಪಾಸಿನಲ್ಲಿ, ಇಳಿಜಾರಿನ ಅಂಚಿನಲ್ಲಿ ಸಿಗುತ್ತವೆ. ಅಲ್ಲಿಂದ ಸೆಳವು ನಮ್ಮನ್ನು ಎತ್ತಿಕೊಂಡು ಹೋಗುವ ವೇಗ ನಿಜಕ್ಕೂ ರೋಮಾಂಚಕ. ‘ಅಲಿಬಾಬಾ’ ಎಂದು ಕರೆಯುವ ತಗ್ಗಿನಲ್ಲಿ ಸೆಳವಿಗೆ ಮರೆಯಾಗಿ ಕೂತು, ತಲೆಯ ಮೇಲೆ ಕಿಕ್ಕಿರಿದ ಮೀನುಗಳನ್ನೂ ನಡುನಡುವೆ ಹಾಯುವ ಶಾರ್ಕ್‌ಗಳನ್ನೂ ನೋಡಬಹುದು. ಆದರೆ ಕಂಡಿ ಅಗಲವಾದಷ್ಟೂ ಹಿಂಡು ಚದುರುತ್ತದೆ, ಎಲ್ಲಿದೆ ಎಂಬುದು ಮಾರ್ಗದರ್ಶಕರ ಅನುಭವದ ಮೇಲೆ ನಿಂತಿರುತ್ತದೆ, ಮತ್ತು ಒಮ್ಮೆ ದಾಟಿಹೋದ ಜಾಗಕ್ಕೆ ಹಿಂದಿರುಗುವ ಮಾತೇ ಇಲ್ಲ. ಸೆಳವಿನ ಡೈವಿಂಗ್ ಇಷ್ಟಪಡುವವರಿಗೆ ಇದು ಮೂರರಲ್ಲೂ ಉತ್ತಮ. ಸೆಳವು ಹೊಸದಾದವರು ಇದನ್ನೇ ಮೊದಲು ಆರಿಸಿಕೊಳ್ಳಬಾರದು.

ತುಮಾಕೊಹುವಾದ ಅಗಲ ಸುಮಾರು 200 ಮೀಟರ್ ಮಾತ್ರ. ಇಕ್ಕಟ್ಟಾದ ಈ ದಾರಿಯಲ್ಲಿ ಶಾರ್ಕ್‌ಗಳಿಗೆ ಚದುರಲು ಎಡೆಯಿಲ್ಲ. 2016ರಲ್ಲಿ ‘ಕರೆಂಟ್ ಬಯಾಲಜಿ’ ಪತ್ರಿಕೆಯಲ್ಲಿ ಪ್ರಕಟವಾದ, ಯೋಹಾನ್ ಮೂರಿಯೇ ಮತ್ತು ಸಂಗಡಿಗರ ಅಧ್ಯಯನವು ಈ ಒಂದೇ ಕಂಡಿಯಲ್ಲಿ 600ರವರೆಗೆ ಬೂದು ಶಾರ್ಕ್‌ಗಳು ಸೇರುವುದನ್ನು ದಾಖಲಿಸಿದೆ. ಇಷ್ಟು ಬೇಟೆಗಾರರನ್ನು ಸಾಕುವಷ್ಟು ಮೀನು ಆ ಸಣ್ಣ ಜಾಗದಲ್ಲಿ ವರ್ಷವಿಡೀ ಹುಟ್ಟುವುದಿಲ್ಲ. ಮೊಟ್ಟೆಯಿಡಲು ಬೇರೆಡೆಯಿಂದ ಬಂದು ಸೇರುವ ಗ್ರೂಪರ್‌ನಂಥ ಮೀನುಗಳೇ ಆ ಕೊರತೆಯನ್ನು ತುಂಬುತ್ತವೆ ಎಂಬುದು ಅವರ ತೀರ್ಮಾನ. ಸಂಖ್ಯೆಗೆ ಮಹತ್ವ ಕೊಡುವವರಿಗೆ ಇಷ್ಟೇ ಸಾಕು. ನನ್ನನ್ನು ಹಿಡಿದಿಟ್ಟದ್ದು ಮಾತ್ರ ಬೇರೊಂದು ಸಂಗತಿ: ಇಲ್ಲಿ ಹಿಂಡಿನ ದೊಡ್ಡ ಭಾಗ 18ರಿಂದ 30 ಮೀಟರಿನ ನಡುವೆ ಇರುತ್ತದೆ. ಅದೇ ಪಾಡಿ ಕೋಷ್ಟಕದಲ್ಲಿ 30 ಮೀಟರಿಗೆ 20 ನಿಮಿಷ, 22 ಮೀಟರಿಗೆ 37 ನಿಮಿಷ ಸಿಗುತ್ತವೆ. ನೈಟ್ರಾಕ್ಸ್ ಇದ್ದರೆ 30 ಮೀಟರಿನಲ್ಲೂ ಹತ್ತಿರ ಹತ್ತಿರ ಅರ್ಧ ಗಂಟೆ ಇರಬಹುದು, ಮತ್ತು ಕಂಡಿಯ ಪಕ್ಕದ ಗೋಡೆಯಲ್ಲಿ ಸೆಳವಿಗೆ ಮರೆಯಾದ ಸಂದುಗಳು ಹಲವು. ಹವಳವಿಲ್ಲದ ಬರಿಯ ಕಲ್ಲೊಂದನ್ನು ಎರಡು ಬೆರಳಲ್ಲಿ ಹಿಡಿದು, ಉಸಿರನ್ನು ನಿಧಾನಗೊಳಿಸಿ ಕೂತರೆ ಸಾಕು; ಗುಳ್ಳೆಗಳ ಸದ್ದಿಗೆ ಮೊದಲು ಸರಿದು ನಿಂತ ಹಿಂಡು ಕೆಲವೇ ನಿಮಿಷಗಳಲ್ಲಿ ಮತ್ತೆ ಹತ್ತಿರವಾಗುತ್ತದೆ.

ಹಾಗೆ ಕೂತಾಗ ಕಾಣುವುದೇ ಬೇರೆ. ಸೆಳವಿನಲ್ಲಿ ಮುಂದಿರುವ ಶಾರ್ಕ್ ಸ್ವಲ್ಪ ಹೊತ್ತಿನ ಮೇಲೆ ಓರೆಯಾಗಿ ಹೊರಳಿ, ಸಾಲಿನ ಹಿಂದಕ್ಕೆ ತೇಲಿಹೋಗಿ, ಮತ್ತೆ ಕೆಳಗಿನಿಂದ ಮುಂದಕ್ಕೆ ಬರುತ್ತದೆ. ಇಡೀ ಹಿಂಡು ಹೀಗೆ ನಿಧಾನವಾಗಿ ಸುತ್ತುತ್ತಲೇ ಇರುತ್ತದೆ. ಬಾಲದ ಹಿಂದಂಚಿನ ಕಪ್ಪು ಪಟ್ಟಿ ಒಂದೊಂದರಲ್ಲಿ ಒಂದೊಂದು ರೀತಿ ಹರಿದಿರುತ್ತದೆ. ನನ್ನಿಂದ ಒಂದು ಮಾರು ದೂರದಲ್ಲಿ ಹಾದ ಹೆಣ್ಣು ಶಾರ್ಕಿನ ಬೆನ್ನ ಮೇಲೆ, ಕೂಡುವಾಗ ಗಂಡು ಕಚ್ಚಿದ ಗುರುತುಗಳು ಅರ್ಧ ಮಾಗಿದ್ದವು. ಅದು ಕಿವಿರಿನ ಸೀಳುಗಳನ್ನು ಅಗಲಿಸಿದಾಗ ಒಳಗಿನ ತಿಳಿಗೆಂಪು ಕಂಡಿತು, ಕಣ್ಣಿನ ಸಣ್ಣ ಲಂಬ ಪಾಪೆ ನನ್ನತ್ತ ಒಮ್ಮೆ ತಿರುಗಿ ಮುಂದೆ ಹೋಯಿತು. ಬೆನ್ನನ್ನು ಗೂನು ಮಾಡಿ, ಎದೆಯ ರೆಕ್ಕೆಗಳನ್ನು ಕೆಳಕ್ಕೆ ಚಾಚಿ, ಮೈಯನ್ನು ಅತಿಯಾಗಿ ಅತ್ತಿತ್ತ ಬಳುಕಿಸುವುದು ಬೂದು ಶಾರ್ಕಿನ ಬೆದರಿಕೆಯ ಭಂಗಿ. ಅದು ಕಂಡ ಕೂಡಲೇ ನಿಧಾನವಾಗಿ ಹಿಂದೆ ಸರಿಯಬೇಕೆಂದು ಎಲ್ಲ ಮಾರ್ಗದರ್ಶಕರೂ ಹೇಳುತ್ತಾರೆ. ತುಮಾಕೊಹುವಾದಲ್ಲಿ ಅಂಥ ಭಂಗಿಯನ್ನು ನಾನು ಒಂದು ಬಾರಿಯೂ ಕಾಣಲಿಲ್ಲ. ಅವುಗಳ ಆ ನೆಮ್ಮದಿಯನ್ನು ಕೆಡಿಸದೆ ನೋಡಲು ಸಿಗುವ ಅವಕಾಶವೇ ಈ ಕಂಡಿಯ ದೊಡ್ಡತನ ಎಂದು ನಾನು ಮನಸಾರೆ ನಂಬುತ್ತೇನೆ. ಡೈವ್ ಮುಗಿಯುವುದೂ ಕಂಡಿಯ ಪಕ್ಕದ ತೇತಮಾನು ಹಳ್ಳಿಯ ಕಟ್ಟೆಯ ಬಳಿ, ಕೆಲವೇ ಮೀಟರ್ ಆಳದ ಹವಳದ ನಡುವೆ. ಸುರಕ್ಷತಾ ನಿಲುಗಡೆಯ ಹೊತ್ತು ಕಪ್ಪು ತುದಿಯ ಸಣ್ಣ ಶಾರ್ಕ್‌ಗಳನ್ನೂ ದೈತ್ಯ ನೆಪೋಲಿಯನ್ ಮೀನನ್ನೂ ನೋಡುತ್ತ ಕಳೆಯುತ್ತದೆ.

ಇದಕ್ಕೆ ತೆರಬೇಕಾದ ಬೆಲೆ ದೂರ. ತೇತಮಾನು ಒಂದು ಕಾಲಕ್ಕೆ ತುವಾಮೋತುವಿನ ಆಡಳಿತ ಕೇಂದ್ರವಾಗಿತ್ತು, ಹವಳದ ಕಲ್ಲಿನಲ್ಲಿ ಕಟ್ಟಿದ ಹಳೆಯ ಚರ್ಚು ಈಗಲೂ ಇದೆ. ಆದರೆ ಇಂದು ಅಲ್ಲಿ ಕೆಲವೇ ವಸತಿಗೃಹಗಳು, ಬೆರಳೆಣಿಕೆಯ ಜನ. ರೋತೋಆವಾದಿಂದ ಲಗೂನನ್ನು ಉದ್ದಕ್ಕೂ ದಾಟಿ, ಸುಮಾರು 60 ಕಿಲೋಮೀಟರ್ ದೋಣಿಯಲ್ಲಿ ಹೋಗಬೇಕು. ಉತ್ತರದಲ್ಲೇ ಉಳಿದು ಒಂದು ದಿನದ ಪ್ರವಾಸವಾಗಿ ದಕ್ಷಿಣಕ್ಕೆ ಹೋಗಿಬರುವ ಏರ್ಪಾಟೂ ಇದೆ. ಎರಡನ್ನೂ ಮಾಡಿ ನೋಡಿದ ಮೇಲೆ, ದಕ್ಷಿಣದಲ್ಲೇ ತಂಗುವುದು ಮೇಲು ಎಂದು ಹೇಳಬಲ್ಲೆ. ದಿನದ ಪ್ರವಾಸದಲ್ಲಿ ದೋಣಿ ಹೊರಡುವ ವೇಳೆ ನಿಗದಿಯಾಗಿರುತ್ತದೆ. ಕಂಡಿಯ ಸೆಳವಿಗೆ ಅದರದೇ ವೇಳೆ. ಅಲ್ಲಿ ಉಬ್ಬರವಿಳಿತದ ಏರಿಳಿತ ಚಿಕ್ಕದು. ದಕ್ಷಿಣದಿಂದ ದೊಡ್ಡ ಅಲೆಗಳೆದ್ದು ದಿಬ್ಬದ ಮೇಲಿಂದ ಲಗೂನಿಗೆ ನೀರು ತುಂಬತೊಡಗಿದರೆ, ಉಬ್ಬರವಿಳಿತದ ವೇಳಾಪಟ್ಟಿಯಲ್ಲಿ ಒಳಸೆಳವು ಎಂದಿದ್ದರೂ ಕಂಡಿಯಲ್ಲಿ ನೀರು ಹೊರಕ್ಕೇ ಹರಿಯುತ್ತಿರುತ್ತದೆ. ಹೊರಸೆಳವಿನಲ್ಲಿ ಲಗೂನಿನ ಕದಡಿದ ನೀರು ನೋಟವನ್ನು ಮಬ್ಬಾಗಿಸುವುದಲ್ಲದೆ, ಡೈವರ್‌ಗಳನ್ನು ತೆರೆದ ಸಾಗರದತ್ತ ಒಯ್ಯುವ ಅಪಾಯವೂ ಇದೆ. ಹಾಗಾದ ಒಂದು ದಿನ ಉತ್ತರದಿಂದ ಬಂದಿದ್ದ ತಂಡ ನೀರಿಗಿಳಿಯದೆ ಹಿಂದಿರುಗಿತು. ಅಲ್ಲೇ ತಂಗಿದ್ದ ನಮಗೆ ಮರುದಿನ ಬೆಳಗ್ಗೆ ತಿಳಿನೀರಿನ ಒಳಸೆಳವು ಸಿಕ್ಕಿತು.

ಕಾಲದ ಆಯ್ಕೆಯಲ್ಲೂ ಒಂದು ತೊಡಕಿದೆ. ಜೂನ್–ಜುಲೈ ತಿಂಗಳ ಹುಣ್ಣಿಮೆಯ ಸುಮಾರಿಗೆ ತುಮಾಕೊಹುವಾದಲ್ಲಿ ಸಾವಿರಾರು ಗ್ರೂಪರ್‌ಗಳು ಮೊಟ್ಟೆಯಿಡಲು ನೆರೆಯುತ್ತವೆ, ಶಾರ್ಕ್‌ಗಳ ಸಂಖ್ಯೆಯೂ ಆಗಲೇ ಹೆಚ್ಚು. ಅದೇ ತಿಂಗಳುಗಳಲ್ಲಿ ‘ಮಾರಾಮು’ ಎಂಬ ಆಗ್ನೇಯದ ಗಾಳಿಯೂ ಬಲವಾಗಿ ಬೀಸುತ್ತದೆ, ಲಗೂನಿನ ದಾಟು ಮೈಕೈ ನೋಯಿಸುವಂಥದ್ದಾಗುತ್ತದೆ, ಕೊಠಡಿಗಳು ಬಹಳ ಮೊದಲೇ ತುಂಬಿಹೋಗಿರುತ್ತವೆ. ಗ್ರೂಪರ್‌ಗಳನ್ನೇ ನೋಡಬೇಕೆಂಬ ಹಟವಿಲ್ಲದವರು ಬೇರೆ ತಿಂಗಳಲ್ಲಿ ಹೋದರೂ ಹಿಂಡು ಇದ್ದೇ ಇರುತ್ತದೆ.

ಮೂರನ್ನೂ ಒಂದೇ ಪ್ರವಾಸದಲ್ಲಿ ನೋಡುವ ಬಿಡುವಿದ್ದರೆ ರಂಗಿರೋವಾದಿಂದ ಆರಂಭಿಸುವುದು ಒಳ್ಳೆಯದು. ತಿಪುತಾದ ನೀಲಿಯಲ್ಲಿ ಸೆಳವಿನ ಅಭ್ಯಾಸವಾಗುತ್ತದೆ, ಆಮೇಲೆ ಗರುವಾಯೆಯ ವೇಗ ಗಾಬರಿಪಡಿಸುವುದಿಲ್ಲ. ಕೆಲವು ದಿನಗಳಲ್ಲಿ ಎರಡು ಅಟಾಲ್‌ಗಳ ನಡುವೆ ನೇರ ವಿಮಾನವೂ ಇರುತ್ತದೆ. ಹಾರಾಟ ಚಿಕ್ಕದೇ ಆದರೂ, ದಿನಕ್ಕೆ ಒಂದಕ್ಕಿಂತ ಹೆಚ್ಚು ಬಾರಿ ಇಳಿದವರು ಕೊನೆಯ ಡೈವ್ ಆಗಿ ಕನಿಷ್ಠ 18 ಗಂಟೆ ಕಳೆಯುವವರೆಗೆ ವಿಮಾನ ಹತ್ತಬಾರದು. ವಿಸಂಪೀಡನ ಕಾಯಿಲೆಗೆ ಚಿಕಿತ್ಸೆ ಕೊಡುವ ಒತ್ತಡದ ಕೊಠಡಿ ಇರುವುದು ತಹೀತಿಯಲ್ಲಿ. ತೇತಮಾನುವಿನಿಂದ ಅಲ್ಲಿಗೆ ಮೊದಲು ದೋಣಿ, ಆಮೇಲೆ ವಿಮಾನ. ಅದಕ್ಕಾಗಿ ಡೈವಿಂಗ್ ವಿಮೆಯನ್ನು ಹೊರಡುವ ಮುನ್ನವೇ ಮಾಡಿಸಿಕೊಳ್ಳಬೇಕು, ದಕ್ಷಿಣದ ಕಂಡಿಯಲ್ಲಿ ಸಮಯ ಎಷ್ಟೇ ಧಾರಾಳವಾಗಿ ಸಿಕ್ಕರೂ ಡೈವ್ ಕಂಪ್ಯೂಟರ್ ತೋರಿಸುವ ಮಿತಿಗಿಂತ ಕೆಲವು ನಿಮಿಷ ಮೊದಲೇ ಮೇಲೇರತೊಡಗಬೇಕು.