ಹೈಕೋರ್ಟ್‌ನ ಜಾಲತಾಣ ಮತ್ತು ನೇರಪ್ರಸಾರ: ಉತ್ತಮ ಸೇವೆ, ಆದರೆ ಖಾಲಿ ಪೀಠಗಳ ಲೆಕ್ಕ ಎಲ್ಲಿ?

ಕರ್ನಾಟಕ ಹೈಕೋರ್ಟ್‌ನ ಜಾಲತಾಣ ಮತ್ತು ಯೂಟ್ಯೂಬ್ ನೇರಪ್ರಸಾರ, ಇವೆರಡನ್ನೂ ಒಂದೇ ನಾಗರಿಕ ಸೇವೆಯೆಂದು ಪರಿಗಣಿಸಿ ಈ ವಿಮರ್ಶೆ ಬರೆಯುತ್ತಿದ್ದೇನೆ. ಬೆಂಗಳೂರು, ಧಾರವಾಡ, ಕಲಬುರಗಿ ಪೀಠಗಳಲ್ಲಿ ಒಂದನ್ನು ಆರಿಸಿ ಪ್ರಕರಣದ ಸಂಖ್ಯೆಯನ್ನೋ ಕಕ್ಷಿದಾರರ ಹೆಸರನ್ನೋ ಕೊಟ್ಟರೆ ಮೊಕದ್ದಮೆ ಯಾವ ಹಂತದಲ್ಲಿದೆ, ಯಾವ ಪೀಠದ ಮುಂದಿದೆ ಎಂಬುದು ತಿಳಿಯುತ್ತದೆ. ಭೂಸ್ವಾಧೀನ ಪ್ರಶ್ನಿಸಿ ರಿಟ್ ಅರ್ಜಿ ಹಾಕಿದ ಬೀದರ್‌ನ ರೈತನೊಬ್ಬ ಇಷ್ಟನ್ನು ತಿಳಿಯಲು ವಕೀಲರ ಕಚೇರಿಗೆ ಅಲೆಯಬೇಕಾಗಿಲ್ಲ. ದಿನದ ವಿಚಾರಣೆಯ ಪಟ್ಟಿಯಾದ ಕಾಸ್‌ಲಿಸ್ಟ್‌ನಲ್ಲಿ ಕೋರ್ಟ್ ಹಾಲ್ ಮತ್ತು ಐಟಂ ಸಂಖ್ಯೆ ನೋಡಿಟ್ಟುಕೊಂಡು, ಆ ಹಾಲ್‌ನ ಪ್ರಸಾರ ತೆರೆದು ಕಾಯಬಹುದು.

ಹಾಗೆ ಕಾಯುವಾಗ ಕಾಣುವುದು ಇದು. ಪ್ರಕರಣವನ್ನು ಕೂಗುತ್ತಾರೆ, ಸರ್ಕಾರಿ ವಕೀಲರು ಆಕ್ಷೇಪಣೆ ಸಲ್ಲಿಸಲು ಮತ್ತೆರಡು ವಾರ ಕೇಳುತ್ತಾರೆ. ಒಬ್ಬ ನ್ಯಾಯಮೂರ್ತಿ ಸಮಯ ಕೊಟ್ಟು ಮುಂದಿನ ಪ್ರಕರಣಕ್ಕೆ ಹೋದರೆ, ಮತ್ತೊಬ್ಬರು ಕಡತ ಪಕ್ಕಕ್ಕಿಡದೆ, ಅಲ್ಲಿಯವರೆಗೆ ಅರ್ಜಿದಾರರ ಮನೆ ಉಳಿಯುತ್ತದೆಯೇ ಎಂದು ಕೇಳಿ ಮಧ್ಯಂತರ ತಡೆಯಾಜ್ಞೆ ನೀಡುತ್ತಾರೆ. ಕಾನೂನು ಒಂದೇ, ಹೈಕೋರ್ಟ್‌ಗೆ ರಿಟ್ ಅಧಿಕಾರ ಕೊಡುವ ಸಂವಿಧಾನದ 226ನೇ ವಿಧಿಯೂ ಒಂದೇ. ಪೀಠದಲ್ಲಿ ಯಾರಿದ್ದಾರೆ ಎಂಬುದು ನಾಗರಿಕನ ಹಕ್ಕಿನ ಮೇಲೆ ಎಷ್ಟು ಪರಿಣಾಮ ಬೀರುತ್ತದೆ ಎಂಬುದನ್ನು ಸಾಮಾನ್ಯರಿಗೆ ಕಣ್ಣಾರೆ ತೋರಿಸುವುದೇ ಈ ಸೇವೆಯ ಅತಿದೊಡ್ಡ ಗುಣವೆಂದು ನಾನು ಭಾವಿಸುತ್ತೇನೆ.

ಈ ಸೇವೆ ಬಂದದ್ದೂ ಅಂಥದೇ ಒಂದು ನೇಮಕದ ಅವಧಿಯಲ್ಲಿ. ಬಾಂಬೆ ಹೈಕೋರ್ಟ್‌ನಿಂದ ಬಂದ ಅಭಯ್ ಶ್ರೀನಿವಾಸ್ ಓಕಾ ಅವರು 2019ರಿಂದ 2021ರವರೆಗೆ ಇಲ್ಲಿ ಮುಖ್ಯ ನ್ಯಾಯಮೂರ್ತಿಯಾಗಿದ್ದರು. 2021ರ ಮೇ ತಿಂಗಳಲ್ಲಿ, ಚಾಮರಾಜನಗರದ ಆಸ್ಪತ್ರೆಯಲ್ಲಿ 24 ರೋಗಿಗಳು ಮೃತಪಟ್ಟ ಸುದ್ದಿ ನಾಡನ್ನು ನಡುಗಿಸಿದ್ದ ದಿನಗಳಲ್ಲಿ, ಅವರ ನೇತೃತ್ವದ ವಿಭಾಗೀಯ ಪೀಠವು ರಾಜ್ಯದ ದೈನಂದಿನ ಆಮ್ಲಜನಕ ಹಂಚಿಕೆಯನ್ನು 1,200 ಟನ್‌ಗೆ ಏರಿಸುವಂತೆ ಕೇಂದ್ರ ಸರ್ಕಾರಕ್ಕೆ ನಿರ್ದೇಶಿಸಿತು. ಕೇಂದ್ರವು ಸುಪ್ರೀಂ ಕೋರ್ಟ್‌ಗೆ ಹೋದರೂ ಆ ಆದೇಶದಲ್ಲಿ ಹಸ್ತಕ್ಷೇಪ ಮಾಡಲು ಅದು ಒಪ್ಪಲಿಲ್ಲ. ಅದೇ ತಿಂಗಳ ಕೊನೆಯಲ್ಲಿ ಪ್ರಾಯೋಗಿಕ ನೇರಪ್ರಸಾರ ಆರಂಭವಾಯಿತು. ಅದರ ನಿಯಮಗಳು 2022ರ ಜನವರಿ 1ರಿಂದ ಜಾರಿಗೆ ಬಂದವು.

ಇದಕ್ಕೆ ತದ್ವಿರುದ್ಧವಾದ ನೆನಪೂ ನಮ್ಮ ಹೈಕೋರ್ಟ್‌ಗಿದೆ. ತುರ್ತುಪರಿಸ್ಥಿತಿಯಲ್ಲಿ ಬೆಂಗಳೂರಿನಲ್ಲಿ ಬಂಧಿತರಾದ ವಾಜಪೇಯಿ, ಆಡ್ವಾಣಿ, ಮಧು ದಂಡವತೆ ಮೊದಲಾದವರ ಅರ್ಜಿಗಳನ್ನು ವಿಚಾರಣೆಗೆ ಯೋಗ್ಯವೆಂದ ನ್ಯಾಯಮೂರ್ತಿಗಳಾದ ಡಿ.ಎಂ. ಚಂದ್ರಶೇಖರ್ ಮತ್ತು ಎಂ. ಸದಾನಂದಸ್ವಾಮಿ ಅವರನ್ನು 1976ರಲ್ಲಿ ಕ್ರಮವಾಗಿ ಅಲಹಾಬಾದ್ ಮತ್ತು ಗುವಾಹಟಿಗೆ ವರ್ಗಾಯಿಸಲಾಯಿತು. ನೇಮಕ ಮತ್ತು ವರ್ಗಾವಣೆಯ ಅಧಿಕಾರ ಯಾರ ಕೈಯಲ್ಲಿರಬೇಕು ಎಂಬ ಚರ್ಚೆ ಕೇವಲ ವಕೀಲರ ಸಂಘಗಳಿಗೆ ಬಿಟ್ಟ ವಿಷಯವಲ್ಲ ಎನ್ನಲು ಈ ಒಂದು ಪ್ರಸಂಗ ಸಾಕು. ಸುಪ್ರೀಂ ಕೋರ್ಟ್‌ನ 1993ರ ತೀರ್ಪಿನಿಂದ ಆ ಅಧಿಕಾರದಲ್ಲಿ ಹಿರಿಯ ನ್ಯಾಯಮೂರ್ತಿಗಳ ಕೂಟವಾದ ಕೊಲಿಜಿಯಂನ ಮಾತು ಮೇಲಾಯಿತು. ಅದರ ಬದಲಿಗೆ ತಂದ ರಾಷ್ಟ್ರೀಯ ನ್ಯಾಯಾಂಗ ನೇಮಕಾತಿ ಆಯೋಗವನ್ನು 2015ರಲ್ಲಿ ಸುಪ್ರೀಂ ಕೋರ್ಟ್ ರದ್ದುಪಡಿಸಿತು.

ಇಷ್ಟೆಲ್ಲ ಹಿನ್ನೆಲೆಯಿರುವ ವಿಷಯದಲ್ಲಿ ಜಾಲತಾಣದಲ್ಲಿ ನನಗೆ ಕೊರತೆ ಕಾಣುತ್ತದೆ. ಈಗ ಕಲಾಪ ನಡೆಸುತ್ತಿರುವ ನ್ಯಾಯಮೂರ್ತಿಗಳ ಪರಿಚಯ ಅಲ್ಲಿದೆ. ಆದರೆ ಮಂಜೂರಾದ 62 ಸ್ಥಾನಗಳಲ್ಲಿ ಎಷ್ಟು ಖಾಲಿ, ಎಂದಿನಿಂದ ಖಾಲಿ, ಶಿಫಾರಸು ಯಾವ ಹಂತದಲ್ಲಿದೆ ಎಂಬುದು ಪ್ರಕರಣದ ಸ್ಥಿತಿಯಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಹೈಕೋರ್ಟ್ ನ್ಯಾಯಮೂರ್ತಿಗಳು 62ನೇ ವಯಸ್ಸಿಗೆ ನಿವೃತ್ತರಾಗುವುದರಿಂದ ಯಾವ ಸ್ಥಾನ ಎಂದು ತೆರವಾಗುತ್ತದೆ ಎಂಬುದು ವರ್ಷಗಳ ಮೊದಲೇ ಗೊತ್ತಿರುತ್ತದೆ. ಕೊಲಿಜಿಯಂ ತನ್ನ ಶಿಫಾರಸನ್ನು ಸರ್ವಾನುಮತದಿಂದ ಪುನರುಚ್ಚರಿಸಿದರೆ ಮೂರ್ನಾಲ್ಕು ವಾರಗಳೊಳಗೆ ನೇಮಕವಾಗಬೇಕೆಂದು ಸುಪ್ರೀಂ ಕೋರ್ಟ್ 2021ರ ಏಪ್ರಿಲ್‌ನಲ್ಲಿ ಹೇಳಿದೆ. ಆ ವಾರಗಳು ಕಳೆದವೋ ಇಲ್ಲವೋ ಎಂದು ಎಣಿಸುವ ಸೌಲಭ್ಯ ಕಕ್ಷಿದಾರನಿಗೂ ಇರಬೇಕು. ಏಕೆಂದರೆ ವಾದ ಆಲಿಸುತ್ತಿದ್ದ ನ್ಯಾಯಮೂರ್ತಿ ನಿವೃತ್ತರಾದರೆ ಅಥವಾ ವರ್ಗವಾದರೆ ಅದೇ ಅರ್ಜಿಯ ವಾದವನ್ನು ಬೇರೊಬ್ಬರ ಮುಂದೆ ಮೊದಲಿನಿಂದ ಮಂಡಿಸಬೇಕಾಗುತ್ತದೆ. ಜಾಮೀನಿಗಾಗಿ ಜೈಲಿನಲ್ಲಿ ಕಾಯುತ್ತಿರುವವನಿಗೆ, ಪಿಂಚಣಿ ನಿಂತುಹೋದ ವಿಧವೆಗೆ ಆ ವಿಳಂಬವೇ ಹಕ್ಕಿನ ನಿರಾಕರಣೆ.

ಇನ್ನು ಭಾಷೆ. ಆದೇಶಗಳು ಇಂಗ್ಲಿಷ್‌ನಲ್ಲಿರುವುದು ಸಂವಿಧಾನದ 348ನೇ ವಿಧಿಯ ಕಾರಣಕ್ಕೆ. ಕನ್ನಡ ಅನುವಾದಗಳ ಸಂಖ್ಯೆ ಹೆಚ್ಚಬೇಕು.

ಮೊಕದ್ದಮೆ ಇರುವವರು ಈ ಸೇವೆಯನ್ನು ತಪ್ಪದೇ ಬಳಸಿ. ಮೊಕದ್ದಮೆ ಇಲ್ಲದವರೂ ರಿಟ್ ಅರ್ಜಿಗಳು ನಡೆಯುವ ಒಂದು ಹಾಲ್‌ನ ಬೆಳಗಿನ ಕಲಾಪವನ್ನು ಪೂರ್ತಿ ನೋಡಿ. ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಖಾಲಿ ಸ್ಥಾನಗಳ ವಿವರವನ್ನು ಮುಖಪುಟದಲ್ಲೇ ಹಾಕಿದ ದಿನ ಉಳಿದ ಒಂದು ಅಂಕವನ್ನೂ ಸಂತೋಷದಿಂದ ಸೇರಿಸುತ್ತೇನೆ.